ಕರಡಿಯ ಹೊಟ್ಟೆಯ ಹೊನ್ನು

ಇವತ್ತು ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ನಾನೊಂದು ಕರಡಿಯನ್ನು ಕೊಂದೆ. ಗಾಬರಿಯಾಗಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡುವ ಅಗತ್ಯವೂ ಇಲ್ಲ. ಕರಡಿ ಇದ್ದದ್ದು ನನ್ನ ಮೊಬೈಲಿನಲ್ಲಿ, ಕೊಂದದ್ದು ಬಲಗೈ ಹೆಬ್ಬೆರಳಿನಿಂದ. ಸತ್ತ ಕರಡಿಯ ಹೊಟ್ಟೆಯಿಂದ ಎರಡು ಹೊನ್ನು ಉದುರಿದವು. ಕಾಡಿನ ಕರಡಿ ಹೊನ್ನನ್ನು ಯಾಕೆ ನುಂಗಿತ್ತು, ಅದನ್ನು ಹಿಡಿದುಕೊಂಡು ಯಾವ ಅಂಗಡಿಗೆ ಹೊರಟಿತ್ತು ಎಂದು ಆಟಕ್ಕೆ ಸೇರಿದ ಹೊಸತರಲ್ಲಿ ಯೋಚಿಸುತ್ತಿದ್ದೆ. ಈಗ ಯೋಚಿಸುವುದಿಲ್ಲ. ಬರುವ ದುಡ್ಡು ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸ ನಮ್ಮ ಕಡೆ ಕಡಿಮೆ.

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಕರಿಮೆಣಸು ಇಟ್ಟುಕೊಂಡು, ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ಕನ್ನಡ, ಬ್ಯಾಂಕಿನಲ್ಲಿ ಇಂಗ್ಲಿಷ್ ಆಡಿಕೊಂಡಿರುವ ಅರವತ್ತು ದಾಟಿದ ಮನುಷ್ಯ ನಾನು. ಇಂಥವನಿಗೆ ಆನ್‌ಲೈನ್ ಆಟದ ಚಟ ಹತ್ತಿಸಿದವನು ಶ್ರೀಮಂಗಲದ ಮಾಚಯ್ಯ. ನಾವು ಐದು ಜನ ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದೆವು. ಒಬ್ಬರು ತೀರಿಕೊಂಡರು, ಇನ್ನೊಬ್ಬರಿಗೆ ಹೆಚ್ಚು ಹೊತ್ತು ಕೂರಬಾರದೆಂದು ಡಾಕ್ಟರು ಹೇಳಿದರು. ಉಳಿದವರು ನಾನು, ಮಾಚಯ್ಯ ಮತ್ತು ಕೊಡ್ಲಿಪೇಟೆಯ ಧರ್ಮಣ್ಣ. ಮೂರು ಜನ ರಮ್ಮಿಗೆ ಕೂತರೆ ಪಂಚಾಯ್ತಿ ಸಭೆಗೆ ಕೋರಂ ಇಲ್ಲದ ಹಾಗೆ ಇರುತ್ತದೆ. ಆಗ ಮಾಚಯ್ಯ ಈ ಆಟ ಕಂಡುಹಿಡಿದ. ಆಟದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಸೇರುತ್ತೀರಿ, ಬೆಲೆಗಳು ಇನ್ನಷ್ಟು ಏರುತ್ತವೆ.

ಅದೊಂದು ದೇಶ. ಬೆಟ್ಟ ಉಂಟು, ಕಾಡು ಉಂಟು, ಸಮುದ್ರ ತೀರ ಉಂಟು. ಲಕ್ಷಾಂತರ ಜನ ಅಲ್ಲಿ ಅಗೆಯುತ್ತಾರೆ, ಬೇಯಿಸುತ್ತಾರೆ, ಬೇಟೆಯಾಡುತ್ತಾರೆ, ಸಂತೆಯಲ್ಲಿ ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಅಲ್ಲಿನ ನಾಣ್ಯವನ್ನು ನಾವು ಹೊನ್ನು ಎನ್ನುತ್ತೇವೆ. ಬೆಲೆ ನಿಗದಿ ಮಾಡಲು ಸರ್ಕಾರವಿಲ್ಲ, ಕಾಫಿ ಬೋರ್ಡೂ ಇಲ್ಲ. ಕೊಳ್ಳುವವನು ಮತ್ತು ಮಾರುವವನು ಒಪ್ಪಿದ್ದೇ ಬೆಲೆ. ಇದನ್ನು ಕೇಳಿದಾಗ ಮಾಚಯ್ಯನ ಕಣ್ಣಲ್ಲಿ ನೀರು ಬಂದಿತ್ತು. ಜೀವಮಾನವಿಡೀ ಅವನು ಇಂಥ ದೇಶವನ್ನೇ ಬಯಸಿದ್ದ.

ಆದರೆ ಅಲ್ಲೊಂದು ತೊಂದರೆ ಇತ್ತು. ಆಗೆಲ್ಲ ಒಂದು ಕರಡಿ ಸತ್ತರೆ ಹನ್ನೊಂದು ಹೊನ್ನು ಹೊಸದಾಗಿ ಹುಟ್ಟುತ್ತಿತ್ತು. ಯಾರ ಜೇಬಿನಿಂದಲೂ ಬಂದದ್ದಲ್ಲ, ಶುದ್ಧ ಗಾಳಿಯಿಂದ. ಐದು ನಿಮಿಷದಲ್ಲಿ ಅದೇ ಜಾಗದಲ್ಲಿ ಇನ್ನೊಂದು ಕರಡಿ ಹೊಟ್ಟೆ ತುಂಬಿಸಿಕೊಂಡು ನಿಂತಿರುತ್ತದೆ. ಜಗತ್ತಿನ ಲಕ್ಷಾಂತರ ಹೆಬ್ಬೆರಳುಗಳು ಹಗಲೂ ರಾತ್ರಿ ಕರಡಿ ಕೊಲ್ಲುತ್ತಿರುವಾಗ ಅಲ್ಲಿ ಹುಟ್ಟುವ ಹಣಕ್ಕೆ ಲೆಕ್ಕವಿಲ್ಲ, ಸಾಯುವ ಹಣ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು. ಹಾಗಾಗಿ ಹೊನ್ನಿಗೆ ಬೆಲೆ ಇಳಿಯುತ್ತದೆ, ಉಳಿದ ಎಲ್ಲಕ್ಕೂ ಏರುತ್ತದೆ. ಅರ್ಥಶಾಸ್ತ್ರದ ದಪ್ಪ ಪುಸ್ತಕಗಳಲ್ಲಿ ಹಣದುಬ್ಬರ ಎಂದು ಬರೆದಿರುವುದು ಇದನ್ನೇ. ಕಾಲೇಜಿನಲ್ಲಿ ನಾನು ಅದನ್ನು ಓದಿದ್ದೆ, ಪಾಸೂ ಆಗಿದ್ದೆ, ಅರ್ಥವಾದದ್ದು ಮಾತ್ರ ಕರಡಿಯಿಂದ.

ನಮ್ಮ ಅಜ್ಜನ ಕಾಲದಲ್ಲಿ ಈ ಕಾಯಿಲೆ ಬರುವ ಹಾಗಿರಲಿಲ್ಲ. ಅವರಿಗೆ ಭತ್ತವೇ ಹಣ. ಗದ್ದೆಯನ್ನು ಹೇಳುವುದು ಅಲ್ಲಿ ಬೆಳೆಯುವ ಭತ್ತದ ಬಟ್ಟಿ ಲೆಕ್ಕದಲ್ಲಿ, ಕೂಲಿ ಕೊಡುವುದು ಸೇರು ಲೆಕ್ಕದಲ್ಲಿ. ಪತ್ತಾಯದಲ್ಲಿ, ಅಂದರೆ ಮರದ ಕಣಜದಲ್ಲಿ, ಭತ್ತ ಹೆಚ್ಚಾಯಿತೆಂದರೆ ಇಲಿಗಳು ಬಂದು ಹೆಚ್ಚಾದದ್ದನ್ನು ತಿಂದುಬಿಡುತ್ತಿದ್ದವು. ಈಗಿನ ರಿಸರ್ವ್ ಬ್ಯಾಂಕಿನವರು ಸಭೆ ಸೇರಿ, ಹುಬ್ಬುಗಂಟಿಕ್ಕಿ, ಬಡ್ಡಿ ದರ ಏರಿಸಿ ಮಾಡುವ ಕೆಲಸವನ್ನು ಅಜ್ಜನ ಇಲಿಗಳು ಸಂಬಳವಿಲ್ಲದೆ ಮಾಡುತ್ತಿದ್ದವು. ಈಗ ನಮ್ಮ ತೋಟದಲ್ಲಿ ಆ ಹುದ್ದೆಯನ್ನು ಆನೆಗಳು ವಹಿಸಿಕೊಂಡಿವೆ. ಆಟದ ಕಾಡಿನಿಂದ ಪ್ರಾಣಿ ಬಂದರೆ ಹಣ ಬರುತ್ತದೆ, ನಮ್ಮ ಕಾಡಿನಿಂದ ಪ್ರಾಣಿ ಬಂದರೆ ಹಣ ಹೋಗುತ್ತದೆ. ಎರಡು ದೇಶಗಳಿಗಿರುವ ಮುಖ್ಯ ವ್ಯತ್ಯಾಸ ಇದೊಂದೇ ಎಂದು ನಾನು ಬಹಳ ದಿನ ನಂಬಿದ್ದೆ.

ಇನ್ನು ನನ್ನ ಹೆಂಡತಿ ಲೀಲಾ. ಮೊದಲು ಅವಳು ನಮ್ಮ ಆಟ ನೋಡಿ ನಗುತ್ತಿದ್ದಳು. ಒಂದು ಸಂಜೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುವಾಗ ನಾನು ಸಮುದ್ರ ತೀರದಲ್ಲಿ ನಡೆಯುತ್ತಿದ್ದೆ. ಅಲ್ಲಿ ಹೆಂಚು ಹಾಕಿದ ಸಣ್ಣ ಸಣ್ಣ ಮನೆಗಳು, ಪ್ರತಿ ಮನೆಯ ಬಾಗಿಲ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮನೆಯ ಯಜಮಾನರ ಹೆಸರು. ಒಂದು ಹಲಗೆಯಲ್ಲಿ ಯಾರೋ ಹೆಂಗಸಿನ ಹೆಸರಿತ್ತು. ಲೀಲಾ ಅದನ್ನು ಎರಡು ಸಲ ಓದಿದಳು.

"ಇದ್ ಅವ್ಳದೇ ಮನೆನಾ?"

"ಹೌದು. ದುಡ್ಡು ಕೊಟ್ಟ್ರೆ ಯಾರ್ ಬೇಕಾರೂ ತಕೊಳೊಕ್."

"ಹಂಗಾರೆ ನಂಗೂ ಒಂದ್ ಬೇಕು. ನನ್ನ ಹೆಸ್ರ್‌ಲಿ."

ನನಗೆ ನಗು ಬಂತು. ಇಷ್ಟು ದೊಡ್ಡ ಮನೆಯಲ್ಲಿದ್ದುಕೊಂಡು ಮೊಬೈಲಿನಲ್ಲಿ ಬೆಂಕಿಪೊಟ್ಟಣದಷ್ಟು ಮನೆಗೆ ಆಸೆಪಡುತ್ತಾಳಲ್ಲ ಎಂದುಕೊಂಡೆ. ಇಷ್ಟು ದೊಡ್ಡ ಮನೆಯ ಕಾಗದದಲ್ಲಿ ಯಾರ ಯಾರ ಹೆಸರಿದೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ. ನಮ್ಮ ಪಹಣಿಯಲ್ಲಿ ನಾನಿದ್ದೇನೆ, ನನ್ನ ಅಣ್ಣನಿದ್ದಾನೆ, ಚಿಕ್ಕಪ್ಪನ ಮಕ್ಕಳಿದ್ದಾರೆ, ತೀರಿಹೋದ ಇಬ್ಬರು ದೊಡ್ಡಪ್ಪಂದಿರು ಇವತ್ತಿಗೂ ಹಕ್ಕಿನಿಂದ ಇದ್ದಾರೆ. ಮೂವತ್ತು ವರ್ಷದಿಂದ ಆ ತೋಟದ ಕಾಫಿ ಒಣಗಿಸಿದವಳ ಹೆಸರು ಅಲ್ಲಿ ಇಲ್ಲ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದಾದರೆ ಯಾರಾದರೂ ಕ್ಷಮೆಯನ್ನಾದರೂ ಕೇಳುತ್ತಿದ್ದರು.

ತೀರದ ಮನೆಗೆ ಆಗ ನಾಲ್ಕು ಸಾವಿರ ಹೊನ್ನು. ಲೀಲಾ ತನ್ನ ಮೊಬೈಲಿನಲ್ಲಿ ಆಟ ಹಾಕಿಸಿಕೊಂಡು ಅಲ್ಲಿ ರೊಟ್ಟಿ ಸುಡುವ ಕೆಲಸ ಹಿಡಿದಳು. ಕರಡಿ ಕೊಲ್ಲಲು ಅವಳಿಗೆ ಮನಸ್ಸಿಲ್ಲ. ಸಂಜೆಯ ಕೆಲಸ ಮುಗಿಸಿ, ಜಗಲಿಯಲ್ಲಿ ಕೂತು, ಹಿಟ್ಟು ಕೊಂಡು, ಸುಟ್ಟು, ಸುಟ್ಟ ರೊಟ್ಟಿಯನ್ನು ಅವತ್ತೇ ಸಂತೆಯಲ್ಲಿ ಬಂದ ಬೆಲೆಗೆ ಮಾರಿ ಮುಗಿಸುತ್ತಿದ್ದಳು. ಅಂತೂ ನಾಲ್ಕು ಸಾವಿರ ಕೂಡಿತು. ತೀರಕ್ಕೆ ಹೋಗಿ ನೋಡಿದರೆ ಮನೆಗೆ ಒಂಬತ್ತು ಸಾವಿರ. ಮತ್ತೆ ರೊಟ್ಟಿ. ಒಂಬತ್ತಕ್ಕೆ ಹತ್ತಿರ ಬರುವಾಗ ಇಪ್ಪತ್ತು ಸಾವಿರ. ರೊಟ್ಟಿಯ ಬೆಲೆಯೂ ಏರುತ್ತಿತ್ತು, ಹಿಟ್ಟಿನ ಬೆಲೆ ಅದಕ್ಕಿಂತ ಬೇಗ ಏರುತ್ತಿತ್ತು. ಅವಳು ಮನೆಯ ಕಡೆಗೆ ಒಂದು ಹೆಜ್ಜೆ ಇಟ್ಟರೆ ಮನೆ ಅವಳಿಂದ ಎರಡು ಹೆಜ್ಜೆ ದೂರ ಹೋಗುತ್ತಿತ್ತು.

ಬೆಲೆ ಹೀಗೆ ಓಡಿದ್ದಕ್ಕೆ ಕರಡಿಯೊಂದೇ ಕಾರಣ ಎಂದರೆ ಕರಡಿಗೆ ಅನ್ಯಾಯವಾಗುತ್ತದೆ. ಅರ್ಧ ಪಾಲು ನಮ್ಮದು.

ಕೊಡಗಿನಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು "ಇವತ್ತ್ ರೇಟ್ ಎಷ್ಟು?" ಎಂಬುದು. ಆರೋಗ್ಯ, ಮಕ್ಕಳು, ಮಳೆ ಎಲ್ಲ ಆಮೇಲೆ. ನಾವು ಗೋಣಿಕೊಪ್ಪದ ವ್ಯಾಪಾರಿಗೆ ಫೋನ್ ಮಾಡುತ್ತೇವೆ, ಸಿದ್ದಾಪುರದವನಿಗೆ ಮಾಡುತ್ತೇವೆ, ಮಡಿಕೇರಿಯವನಿಗೆ ಮಾಡುತ್ತೇವೆ. ಮೂರೂ ಕಡೆಯ ರೇಟ್ ತಿಳಿದುಕೊಂಡು, ತೂಗಿ ನೋಡಿ, ಕೊನೆಗೆ ಯಾರಿಗೂ ಮಾರುವುದಿಲ್ಲ. ಒಣಗಿಸಿದ ಮೆಣಸನ್ನು ಅಟ್ಟದ ಕೋಣೆಯಲ್ಲಿ ಮೂಟೆ ಕಟ್ಟಿ ಇಡುತ್ತೇವೆ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಅದೇ ನಮಗೆ ಶಾಪವಾಗಿದೆ. ರೇಟ್ ಏರಿದರೆ ಇನ್ನೂ ಏರಲಿ ಎಂದು ಇಡುತ್ತೇವೆ, ಇಳಿದರೆ ಮೊದಲಿನಷ್ಟಾದರೂ ಆಗಲಿ ಎಂದು ಇಡುತ್ತೇವೆ. ಕೊನೆಗೆ ಮಗಳ ಮದುವೆಗೋ ಆಪರೇಷನ್ನಿಗೋ ಅರ್ಜೆಂಟಾಗಿ, ಆ ವರ್ಷದ ಅತ್ಯಂತ ಕಡಿಮೆ ಬೆಲೆಗೆ ಮಾರಿ, ವ್ಯಾಪಾರಿಯನ್ನು ಬೈಯುತ್ತೇವೆ. ಈ ವಿದ್ಯೆಯನ್ನು ನಾವು ಮೂವರೂ ಆಟದ ದೇಶಕ್ಕೆ ಹೊತ್ತುಕೊಂಡು ಹೋದೆವು.

ಆ ದೇಶದಲ್ಲಿ ನೀಲಿ ಬೇರು ಎಂದೊಂದು ಉಂಟು. ಕರಡಿ ಪರಚಿದ ಗಾಯಕ್ಕೆ ಅದರ ಕಷಾಯವೇ ಮದ್ದು, ಬೇರೆ ಇಲ್ಲ. ಬೇರು ಸಿಗುವುದು ಒಂದೇ ಬೆಟ್ಟದಲ್ಲಿ. ನಾವು ಮೂವರು ಅದನ್ನು ಅಗೆದೆವು, ಕೊಂಡೆವು, ಉಗ್ರಾಣದಲ್ಲಿ ತುಂಬಿದೆವು, ಮಾರಲಿಲ್ಲ. ಮಾಚಯ್ಯನ ಮಾತು ಕೇಳಿ ಪೊನ್ನಂಪೇಟೆ, ವಿರಾಜಪೇಟೆಯ ಇನ್ನೂ ಹತ್ತಾರು ಪ್ಲಾಂಟರ್‌ಗಳು ಸೇರಿಕೊಂಡು ಮಾರದೆ ಕೂತರು. ಸಂತೆಯಲ್ಲಿ ಬೇರು ಸಿಗದೆ ಕಷಾಯ ತುಟ್ಟಿಯಾಯಿತು. ಕಷಾಯ ಕೊಳ್ಳಲು ಜನ ಹೆಚ್ಚು ಕರಡಿ ಕೊಂದರು, ಹೆಚ್ಚು ಹೊನ್ನು ಹುಟ್ಟಿತು, ಹೆಚ್ಚು ಗಾಯವಾಯಿತು, ಮತ್ತೆ ಕಷಾಯ ಬೇಕಾಯಿತು. ಬೇರಿನ ಬೆಲೆ ಮೂರರಿಂದ ಮೂವತ್ತಕ್ಕೆ, ಮೂವತ್ತರಿಂದ ನೂರಕ್ಕೆ ಹೋಯಿತು. ನಮ್ಮ ಬುದ್ಧಿವಂತಿಕೆಗೆ ನಾವೇ ಬೆರಗಾದೆವು. ಬರಿಗೈಯಲ್ಲಿ ಸೇರಿದ ಹೊಸಬರು ಮೊದಲ ಗಾಯಕ್ಕೇ ಮದ್ದಿಲ್ಲದೆ ಆಟ ಬಿಟ್ಟು ಹೋಗುತ್ತಿದ್ದರು. "ಈಗಿನೋರಿಗೆ ತಾಳ್ಮೆ ಇಲ್ಲ," ಎಂದು ಮಾಚಯ್ಯ ಮರುಗಿದ.

ಮಾಚಯ್ಯ ಬೇರು ಬಚ್ಚಿಟ್ಟು ಸುಮ್ಮನಿರುವವನಲ್ಲ. ಕೈಯಲ್ಲಿದ್ದ ಹೊನ್ನಿಗೆಲ್ಲ ತೀರದ ಮನೆ ಕೊಂಡ. ಒಂದಲ್ಲ, ಏಳು. ಏಳಕ್ಕೂ ಬೀಗ. ಯಾಕೆ ಎಂದು ಕೇಳಿದೆ.

"ಇನ್ವೆಸ್ಟ್‌ಮೆಂಟ್ ಮಾರಾಯ! ದುಡ್ಡು ಹಾಗೇ ಇಟ್ರೆ ಕರಗಿ ಹೋಗ್ತದೆ. ಜಾಗ ಎಲ್ಲಿಗೆ ಹೋಗ್ತದೆ?"

ಈ ಮಾಚಯ್ಯನೇ ಕ್ಲಬ್ಬಿನಲ್ಲಿ ಮೇಜು ಕುಟ್ಟಿ, ಹೊರಗಿನವರು ಬಂದು ಕೊಡಗಿನ ಜಾಗ ಕೊಂಡು, ವರ್ಷಕ್ಕೆರಡು ಸಲ ಬಂದು ಮೀನು ಸುಟ್ಟು ತಿಂದು ಹೋಗುತ್ತಾರೆ, ನಮ್ಮವರಿಗೆ ಸೈಟ್ ಸಿಗದ ಹಾಗಾಯಿತು ಎಂದು ಭಾಷಣ ಮಾಡುವವನು. ಆಟದ ದೇಶದಲ್ಲಿ ಹೊರಗಿನವನು ತಾನೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಯಾಕೆಂದರೆ ಎಂಟನೆಯ ಮನೆಯ ಮೇಲೆ ನನ್ನ ಕಣ್ಣಿತ್ತು.

ಅದೇ ವಾರ ಲೀಲಾ ನನ್ನ ಹತ್ತಿರ ಬಂದು ಕೂತಳು. ತೀರದ ಕೊನೆಯ ಸಾಲಿನಲ್ಲಿ ಒಬ್ಬ ಆಟ ಬಿಡುವವನು ತನ್ನ ಮನೆಯನ್ನು ಇಪ್ಪತ್ತು ಸಾವಿರಕ್ಕೆ ಕೊಡುತ್ತಿದ್ದನಂತೆ. ಅವಳ ಹತ್ತಿರ ಹನ್ನೆರಡು ಇತ್ತು.

"ಎಂಟ್ ಸಾವ್ರ ಕಮ್ಮಿ ಉಟ್ಟು. ನಿಮ್ಮ ಉಗ್ರಾಣಲಿ ಬೇರ್ ತುಂಬ್ಯುಟ್ಟಲಾ, ಒಂಚೂರು ಮಾರಿ ಕೊಡಿ. ರೊಟ್ಟಿ ಮಾರಿ ತೀರ್ಸ್‌ನೆ."

ನನ್ನ ಉಗ್ರಾಣದಲ್ಲಿ ಆಗ ಹತ್ತು ಸಾವಿರ ಬೇರಿತ್ತು. ನೂರರಂತೆ ಎಂಬತ್ತು ಬೇರು ಮಾರಿದರೆ ಸಾಕಿತ್ತು. ಎಂಬತ್ತು! ನಮ್ಮ ಮೆಣಸಿನ ಲೆಕ್ಕದಲ್ಲಿ ಹೇಳುವುದಾದರೆ ಮೂಟೆಯ ತಳದಲ್ಲಿ ಉಳಿಯುವ ಧೂಳು. ನಾನು ಮಾಚಯ್ಯನಿಗೆ ಫೋನ್ ಮಾಡಿದೆ, "ಈಗ ಸೆಲ್ ಮಾಡಿದ್ರೆ ನಿನ್ನಂಥ ಫೂಲ್ ಇಲ್ಲ," ಎಂದ. ಧರ್ಮಣ್ಣನಿಗೆ ಮಾಡಿದೆ. ಅವನು ಮೂವರಲ್ಲಿ ಸ್ವಲ್ಪ ನಿಧಾನದ ಮನುಷ್ಯ. "ಎಂಬತ್ತ್ ತಾನೆ, ಕೊಟ್ಬುಡು ಕಣಪ್ಪ, ಆಯಮ್ಮ ಬಾಯಿ ಬಿಟ್ಟು ಕೇಳೈತೆ," ಎಂದ. ಮೂರು ಕಡೆ ಕೇಳುವ ಅಭ್ಯಾಸ ನೋಡಿ, ಮೂರನೆಯವನಾಗಿ ನನ್ನನ್ನೇ ಕೇಳಿಕೊಂಡೆ. ನೂರಿದ್ದದ್ದು ಹದಿನೈದು ದಿನದಲ್ಲಿ ನೂರೈವತ್ತಾಗುವ ಲಕ್ಷಣ ಕಾಣುತ್ತಿತ್ತು.

"ಹದಿನೈದು ದಿನ ತಡಿ," ಎಂದೆ. "ರೇಟ್ ಇನ್ನೂ ಏರುವ ಹಾಗೆ ಉಟ್ಟು."

ಲೀಲಾ ಜಗಳಾಡಲಿಲ್ಲ. ಎದ್ದು ಒಳಗೆ ಹೋದಳು. ನನಗೆ ಒಳಗೊಳಗೇ ನಾಚಿಕೆಯಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಆದರೆ ನಾಚಿಕೆಯಾಯಿತೆಂದು ರೇಟ್ ನೋಡುವುದನ್ನು ಬಿಟ್ಟೆ ಎಂದು ಯಾರೂ ತಿಳಿಯಬಾರದು. ಆ ಮನೆ ಮರುದಿನವೇ ಯಾರದೋ ಪಾಲಾಯಿತು. ಯಾರೋ ಏನು, ಮಾಚಯ್ಯನ ಪಾಲಾಯಿತು. ಅದು ಅವನ ಎಂಟನೆಯದು.

ಹದಿನೈದು ದಿನ ಆಗುವುದರೊಳಗೆ ಆಟದ ಕಂಪನಿಯವರಿಗೆ ಎಚ್ಚರವಾಯಿತು. ಅವರು ಎಲ್ಲೋ ಸಮುದ್ರದಾಚೆ ಇರುವವರು, ಹೊಸಬರು ನಿಲ್ಲದಿದ್ದರೆ ಅವರ ಅಂಗಡಿ ಮುಚ್ಚುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡುವಾಗ ದೇಶದ ಕಾನೂನೇ ಬದಲಾಗಿತ್ತು. ಕರಡಿಯ ಹೊಟ್ಟೆಯಲ್ಲಿ ಹನ್ನೊಂದರ ಬದಲು ಎರಡೇ ಹೊನ್ನು. ನೀಲಿ ಬೇರು ಎಲ್ಲ ಬೆಟ್ಟಗಳಲ್ಲೂ ಬೆಳೆಯತೊಡಗಿತ್ತು. ಉಗ್ರಾಣದಲ್ಲಿ ಇಟ್ಟ ಸರಕಿಗೆ ದಿನಬಾಡಿಗೆ. ಯಾರೂ ವಾಸವಿಲ್ಲದ ಮನೆಗೆ ವಾರವಾರವೂ ಕಂದಾಯ. ಬಾಡಿಗೆಯಾಗಲಿ ಕಂದಾಯವಾಗಲಿ, ಕಟ್ಟಿದ ಹೊನ್ನು ಯಾರ ಕೈಗೂ ಹೋಗುವುದಿಲ್ಲ, ಮಾಯವಾಗುತ್ತದೆ. ಅಂದರೆ ಕಂಪನಿಯವರು ಕೊನೆಗೂ ನಮ್ಮ ಅಜ್ಜನ ಇಲಿಗಳನ್ನು ನೇಮಿಸಿಕೊಂಡಿದ್ದರು.

ಬುದ್ಧಿ ಇದ್ದವರು ಅವತ್ತೇ ಬೇರು ಮಾರಿ ಕೈತೊಳೆದುಕೊಂಡರು. ನಾವು ಪ್ಲಾಂಟರ್‌ಗಳು ಮಾರಲಿಲ್ಲ. ನೂರರಿಂದ ಅರವತ್ತಾಯಿತು. ತೊಂಬತ್ತಾದರೂ ಬರಲಿ ಎಂದೆವು. ಇಪ್ಪತ್ತಾಯಿತು. ಐವತ್ತಾದರೂ ಬರಲಿ ಎಂದೆವು. ನನ್ನ ಕೈಯಲ್ಲಿದ್ದ ಹೊನ್ನನ್ನು ಉಗ್ರಾಣದ ಬಾಡಿಗೆ ದಿನಾ ತಿನ್ನುತ್ತಿತ್ತು. ಹೊನ್ನು ಮುಗಿದ ದಿನ ಕಂಪನಿಯವರು ಉಗ್ರಾಣದ ಬೇರನ್ನೆಲ್ಲ ಬಾಡಿಗೆ ಬಾಕಿಗೆ ಮುಟ್ಟುಗೋಲು ಹಾಕಿಕೊಂಡರು. ಬೇರಿಗೆ ಆಗ ಅರ್ಧ ಹೊನ್ನು. ಕೊಡಗಿನ ಬುದ್ಧಿವಂತಿಕೆಯ ಒಟ್ಟು ಬೆಲೆ ಕೊನೆಗೆ ಎಷ್ಟಕ್ಕೆ ನಿಂತಿತೆಂದು ನಾನು ಗುಣಿಸಿ ನೋಡಲಿಲ್ಲ.

ಲೀಲಾಳ ಹತ್ತಿರ ಬೇರೂ ಇರಲಿಲ್ಲ, ಉಗ್ರಾಣವೂ ಇರಲಿಲ್ಲ. ಅವತ್ತಿನ ರೊಟ್ಟಿ ಅವತ್ತೇ ಮಾರಿದವಳ ಹತ್ತಿರ ಇದ್ದದ್ದು ಬರೀ ಹೊನ್ನು. ಇಡೀ ದೇಶದಲ್ಲಿ ಹೊನ್ನಿಗೆ ಬರ ಬಂದಾಗ ಅವಳ ಹನ್ನೆರಡು ಸಾವಿರಕ್ಕೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಎಂಟು ಖಾಲಿ ಮನೆಗಳ ಕಂದಾಯ ಕಟ್ಟಲಾರದೆ ಮಾಚಯ್ಯ ಒಂದೊಂದನ್ನೇ ಮಾರಾಟಕ್ಕಿಟ್ಟ. ಕೊಳ್ಳುವವರಿಲ್ಲ. ಒಂದು ಮಧ್ಯಾಹ್ನ ನಮ್ಮ ಮನೆಗೆ ಫೋನ್ ಬಂತು. ನಾನು ಕೈ ಚಾಚಿದೆ. ಅವನು ಕೇಳಿದ್ದು ಲೀಲಾಳನ್ನು.

"ಅಕ್ಕ, ಕೊನೆ ಸಾಲಿನ ಮನೆ ನಿಮ್ಗೇಂತ ಇಟ್ಟಿದ್ದೇನೆ. ಹನ್ನೆರಡು ಕೊಡಿ ಸಾಕು, ನೀವು ನಮ್ಮವರಲ್ವಾ."

ಮೂವತ್ತು ವರ್ಷ ನಮ್ಮ ಅಂಗಳದಲ್ಲಿ ನಾನು ವ್ಯಾಪಾರಿಗಳ ಜೊತೆ ಚೌಕಾಸಿ ಮಾಡುವುದನ್ನು ಲೀಲಾ ಕಾಫಿ ಕೊಡುತ್ತಾ ನೋಡಿದ್ದಾಳೆ. ನನ್ನಿಂದ ಅವಳು ಏನನ್ನೂ ಕಲಿತಿರಲಿಲ್ಲ. ಕಲಿತದ್ದೆಲ್ಲ ವ್ಯಾಪಾರಿಗಳಿಂದ.

"ಇವತ್ತ್ ಮಾರ್ಕೆಟ್ ಡೌನ್ ಉಟ್ಟಲ್ಲ ಮಾಚಣ್ಣ," ಎಂದಳು, ಆ ವ್ಯಾಪಾರಿಗಳದೇ ದುಃಖದ ದನಿಯಲ್ಲಿ. "ಮೂರ್ ಸಾವ್ರ ಕೊಡೊಕ್. ಬ್ಯಾಡಾಂದ್ರೆ ಇಟ್ಕಣಿ, ರೇಟ್ ಬಂದಾಗ ಮಾರಿ."

ನಾಲ್ಕು ದಿನ ಬಿಟ್ಟು ಮಾಚಯ್ಯ ಮೂರು ಸಾವಿರಕ್ಕೇ ಕೊಟ್ಟ. ಆ ನಾಲ್ಕು ದಿನ ಅವನು ಯಾವ ರೇಟಿಗೆ ಕಾದನೋ ಗೊತ್ತಿಲ್ಲ. ಅವತ್ತು ಸಂಜೆ ಲೀಲಾ ಪಾಯಸ ಮಾಡಿದ್ದಳು. ನಾನು ಯಾವ ಹಬ್ಬ ಎಂದು ಕೇಳಿದೆ. ಅವಳು ಮೊಬೈಲ್ ತೋರಿಸಿದಳು. ಬಾಗಿಲ ಮೇಲಿನ ಹಲಗೆಯಲ್ಲಿ ಬರೀ 'ಲೀಲಾ' ಎಂದಿತ್ತು. ಮುಂದೆ ನಮ್ಮ ಮನೆತನದ ಹೆಸರಿಲ್ಲ, ಹಿಂದೆ ನನ್ನ ಹೆಸರಿಲ್ಲ. ಅವಳು ಆ ಹಲಗೆಯನ್ನು ಬೆರಳಿನಿಂದ ದೊಡ್ಡದು ಮಾಡಿ ಮತ್ತೊಮ್ಮೆ ತೋರಿಸಿದಳು. ಅದನ್ನು ನೋಡಿ ನನಗೆ ನಗು ಬರಲಿಲ್ಲ.

ನಾನೂ ಗೃಹಪ್ರವೇಶಕ್ಕೆ ಹೊರಟೆ. ಆಟದೊಳಗಿನ ನನ್ನ ಅವತಾರಕ್ಕೆ ಆಳೆತ್ತರದ ಖಡ್ಗ, ಮೀಸೆ, ಉಕ್ಕಿನ ಟೊಪ್ಪಿ ಎಲ್ಲ ಉಂಟು, ಚೀಲದಲ್ಲಿ ಎರಡು ಹೊನ್ನು. ಬಾಗಿಲು ತಳ್ಳಿದೆ. 'ನಿಮಗೆ ಅನುಮತಿ ಇಲ್ಲ' ಎಂದು ಬಂತು. ಅಡುಗೆಮನೆಯ ಕಡೆ ತಿರುಗಿ ಕೂಗಿದೆ. ಸ್ವಲ್ಪ ಹೊತ್ತಿಗೆ ಅವಳು ಅಲ್ಲಿಂದಲೇ ಏನೋ ಒತ್ತಿದಳು, ನನ್ನ ಹೆಸರಿನ ಕೆಳಗೆ 'ಅತಿಥಿ' ಎಂದು ಮೂಡಿತು. ಅತಿಥಿಗಳು ಜಗಲಿಯವರೆಗೆ ಬರಬಹುದು, ಕೂರಬಹುದು, ಸಮುದ್ರ ನೋಡಬಹುದು. ಪೆಟ್ಟಿಗೆ ತೆರೆಯುವ ಹಾಗಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ.

ಗಂಡನನ್ನು ಅತಿಥಿ ಎಂದು ಕೂರಿಸುವುದು ಸರಿಯೇ ಎಂದು ಊಟದ ಹೊತ್ತಿಗೆ ವಿಷಯ ತೆಗೆದೆ. ಆ ಆಟದಲ್ಲಿ ಜೊತೆ ಯಜಮಾನರಾಗಿ ಇನ್ನೊಂದು ಹೆಸರು ಸೇರಿಸಲು ಅವಕಾಶವಿದೆ. ಸ್ಟಾಂಪ್ ಪೇಪರ್ ಬೇಡ, ಸಾಕ್ಷಿ ಬೇಡ. ಒಂದು ಸಲ ಒತ್ತಿದರೆ ಆಯಿತು ಎಂದು ವಿವರಿಸಿದೆ.

ಲೀಲಾ ಅನ್ನ ಬಡಿಸುತ್ತಾ ಕೇಳಿದಳು: "ನಮ್ಮ ತೋಟದ ಪಹಣಿಲಿ ನನ್ನ ಹೆಸ್ರ್ ಸೇರ್ಸಿಕೆ ಎಷ್ಟ್ ದಿನ ಬೇಕು?"

ನಾನು ಸತ್ಯವನ್ನೇ ಹೇಳಿದೆ. ಅದು ಸುಲಭವಲ್ಲ. ಮೊದಲು ದೊಡ್ಡಪ್ಪಂದಿರು ಸತ್ತಿದ್ದಾರೆಂದು ಸಾಬೀತು ಮಾಡಬೇಕು. ಆಮೇಲೆ ಅಣ್ಣ ಒಪ್ಪಬೇಕು, ಚಿಕ್ಕಪ್ಪನ ಮಕ್ಕಳ ಸಹಿಯಾಗಬೇಕು, ಅವರಲ್ಲಿ ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರಾಗದು. ಸರ್ವೆಯವರು ಬರಬೇಕು, ಪಾಲು ಗುರುತಾಗಬೇಕು, ಕಚೇರಿಯಲ್ಲಿ ಸರ್ವರ್ ಸರಿ ಇರಬೇಕು. ಅವಳು ಒಂದನ್ನೂ ಬಿಡದೆ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಸಾರು ಬಡಿಸಿದಳು.

"ಹಂಗಾರೆ ಅಷ್ಟ್ ದಿನ ನೀವು ಜಗ್ಲಿಲೇ ಇರಿ," ಎಂದಳು.

ಈಗ ದಿನಾ ಸಂಜೆ ಅಲ್ಲಿ ಕೂರುತ್ತೇನೆ. ಸುಳ್ಳು ಹೇಳಬಾರದು, ಜಗಲಿ ಚೆನ್ನಾಗಿದೆ, ಸಮುದ್ರ ಕಾಣುತ್ತದೆ, ಅವಳು ಬಂದರೆ ಮಾತೂ ಆಡುತ್ತಾಳೆ. ಯಾರೂ ಎದ್ದು ಹೋಗು ಎಂದಿಲ್ಲ. ಆದರೆ ಯಾವಾಗ ಹೇಳಿಯಾರೋ ಎಂಬುದೊಂದು ಸಣ್ಣ ಅಳುಕು ಕೂತಷ್ಟು ಹೊತ್ತೂ ಇರುತ್ತದೆ. ಇದೇ ಅಳುಕನ್ನು ಇಟ್ಟುಕೊಂಡು ಒಬ್ಬಳು ನನ್ನ ಮನೆಯಲ್ಲಿ ಮೂವತ್ತು ವರ್ಷ ಕಾಫಿ ಒಣಗಿಸಿದಳೇ ಎಂದು ಯೋಚನೆ ಬಂದ ದಿನ ನನಗೆ ಸಮುದ್ರ ಸರಿಯಾಗಿ ಕಾಣಲಿಲ್ಲ.

ಮೊನ್ನೆ ಅಣ್ಣನಿಗೆ ಫೋನ್ ಮಾಡಿ, ಪಹಣಿಗೆ ಲೀಲಾಳ ಹೆಸರು ಸೇರಿಸುವ ವಿಷಯ ಹೇಳಿದೆ. "ಈಗೆಂತಕೆ ಅವಸರ? ಜಾಗದ ರೇಟ್ ಏರ್ತಾ ಉಟ್ಟು, ಸ್ವಲ್ಪ ಸಮಯ ತಡಿ," ಎಂದ. ನಾನು ತಡೆಯಲಿಲ್ಲ, ದೊಡ್ಡಪ್ಪಂದಿರ ಮರಣ ಪ್ರಮಾಣಪತ್ರ ಹುಡುಕಿಕೊಂಡು ನಾಡಕಚೇರಿಗೆ ಹೋಗಿ ಬಂದೆ. ಲೀಲಾಳಿಗೆ ಇನ್ನೂ ಹೇಳಿಲ್ಲ. ನನಗೆ ಅರ್ಜೆಂಟಾಗಿದೆ ಎಂದು ಗೊತ್ತಾದರೆ ಅವಳು ಜಗಲಿ ದಾಟುವ ರೇಟ್ ಏರಿಸುತ್ತಾಳೆ.